ತುದಿ ಕತ್ತರಿಸಿದ ಎಲೆ

"ಕಣ್ಣು ಮುಚ್ಚಿಕೊಂಡು ಕೈ ಚಾಚಿ ಸಾರ್," ಎಂದಳು ಇನ್ಸ್‌ಪೆಕ್ಟರ್.

ಗಾಜಿನ ಮನೆಯ ಬೆಂಚಿಗೆ ಒರಗಿ ನಿಂತಿದ್ದ ಕತ್ತರಿ ಡಾಕ್ಟ್ರು ನಕ್ಕರು. "ಇದೇನು ಮೇಡಂ, ಕಣ್ಣಾಮುಚ್ಚಾಲೆ ಆಡೋ ವಯಸ್ಸಾ ನಮ್ಮದು?"

"ಆಡಿ ನೋಡೋಣ. ಸೋತವರು ಟೀ ಕುಡಿಸಬೇಕು."

"ಟೀ ಬೇಡ, ಒಂದು ಲೋಟ ತಣ್ಣೀರು ಸಿಕ್ಕರೆ ಸಾಕು," ಎಂದು ಬಾಗಿಲ ಬಳಿಯಿಂದ ಕಾನ್‌ಸ್ಟೇಬಲ್ ಗೊಣಗಿದ. "ಇನ್ನು ಸ್ವಲ್ಪ ಹೊತ್ತು ಇಲ್ಲೇ ನಿಂತರೆ ನಾನೇ ಬೆಂದು ಅನ್ನ ಆಗ್ತೀನಿ." ಠಾಣೆಯಲ್ಲಿ ಅವನಿಗೆ ರೇಡಿಯೋ ಎಂದು ಹೆಸರು. ಒಮ್ಮೆ ಹಚ್ಚಿದರೆ ಆರಿಸುವ ಗುಂಡಿ ಯಾರಿಗೂ ಸಿಕ್ಕಿರಲಿಲ್ಲ.

ಡಾಕ್ಟ್ರು ಕಣ್ಣು ಮುಚ್ಚಿದರು. ಇನ್ಸ್‌ಪೆಕ್ಟರ್ ಒಣಗಿಸಿ ಚಪ್ಪಟೆ ಮಾಡಿದ್ದ ಎರಡು ಭತ್ತದ ಎಲೆಗಳನ್ನು ಒಂದಾದ ಮೇಲೊಂದರಂತೆ ಅವರ ಅಂಗೈಗಿಟ್ಟಳು. ಹೆಬ್ಬೆರಳು ಬುಡದಿಂದ ತುದಿಗೆ ಓಡಿತು, ತುದಿಯಿಂದ ಬುಡಕ್ಕೆ ಮರಳಿತು.

"ಇದು ಬೆಕ್ಕಿನ ನಾಲಿಗೆ ಹಾಗೆ ತರಿತರಿ. ರೋಗದ ಸಾಲಿಗೆ ಹಾಕ್ತೀವಲ್ಲ, ಆ ಹಳೇ ತಳಿ. ಮೈಯೆಲ್ಲ ಸಣ್ಣ ಕೂದಲು ಅದಕ್ಕೆ." ಎರಡನೆಯದನ್ನು ಸವರಿದಾಗ ಅವರ ಮುಖ ಅರಳಿತು. "ಇದು ನಮ್ಮ ಹೊಸ ತಳಿ. ರೇಷ್ಮೆ ಮೇಡಂ, ರೇಷ್ಮೆ. ನಿದ್ದೆಯಲ್ಲಿ ಕೈಗೆ ಕೊಟ್ಟರೂ ಹೇಳ್ತೀನಿ."

"ಅನುಮಾನ ಇಲ್ಲ ತಾನೆ?"

"ನನ್ನ ಮಗ್ಗುಲಲ್ಲಿ ಮಲಗಿರೋದು ನನ್ನ ಹೆಂಡತಿಯೋ ಅಲ್ಲವೋ ಅಂತ ಅನುಮಾನ ಬರಬಹುದು. ಇದರಲ್ಲಿ ಇಲ್ಲ."

"ಈಗ ಕಣ್ಣು ಬಿಡಿ."

ಡಾಕ್ಟ್ರು ಕಣ್ಣು ಬಿಟ್ಟರು. ಎರಡೂ ಎಲೆಗಳ ತುದಿಯನ್ನು ಯಾರೋ ಮೊಂಡಾಗಿ ಕತ್ತರಿಸಿದ್ದರು. ಕತ್ತರಿಸಿದ ಜಾಗದಿಂದ ಬುಡದವರೆಗೂ ಒಣಹುಲ್ಲಿನ ಬಣ್ಣದ ಪಟ್ಟಿ ಇಳಿದಿತ್ತು. ಎರಡೂ ಅಂಗಮಾರಿ ರೋಗದಿಂದ ಸತ್ತ ಎಲೆಗಳು. ನುಣುಪಾದ ಎಲೆಯ ಬುಡಕ್ಕೆ ಪೊಲೀಸರ ಕೆಂಪು ದಾರ ಕಟ್ಟಿತ್ತು.

"ಮೇಷ್ಟ್ರ ಅಂಗಿ ಜೇಬಿನಲ್ಲಿ ಸಿಕ್ಕಿದ ಎಲೆ ಅದು," ಎಂದಳು ಇನ್ಸ್‌ಪೆಕ್ಟರ್. "'ರೋಗದ ಸಾಲಿನದು, ಅದಕ್ಕೇನೂ ಅರ್ಥ ಇಲ್ಲ' ಅಂತ ನೀವೇ ಹೇಳಿಕೆ ಕೊಟ್ಟಿದ್ರಿ. ನಿಮ್ಮ ನಾಲಿಗೆ ಅವತ್ತು ಒಂದು ಹೇಳಿತು. ಇವತ್ತು ನಿಮ್ಮ ಬೆರಳು ಇನ್ನೊಂದು ಹೇಳ್ತಿದೆ."

ಡಾಕ್ಟ್ರ ಅಂಗೈ ಚಾಚಿದ್ದು ಚಾಚಿದಂತೆಯೇ ಉಳಿಯಿತು. 

ಸತ್ತ ಮೇಷ್ಟ್ರು ಇವರಿಗೆ ಅಕ್ಕನ ಗಂಡ. ಭತ್ತದ ತಳಿ ಕಟ್ಟುವುದರಲ್ಲೇ ತಲೆ ನೆರೆಸಿಕೊಂಡ ಅವರನ್ನು ಈ ಭತ್ತ ಸಂಶೋಧನಾ ಸಂಸ್ಥೆಯ ಜಾಡಮಾಲಿಯಿಂದ ನಿರ್ದೇಶಕರವರೆಗೂ ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಳೆದ ವಾರ ಬೀಜ ಕಾಯ್ದಿಡುವ ಶೀತಲ ಕೋಣೆಯಲ್ಲಿ ಅವರು ಮರಗಟ್ಟಿದ ಹೆಣವಾಗಿ ಸಿಕ್ಕಿದ್ದರು. ತಂದೆಯನ್ನು ಕೊಂದ ಆರೋಪದ ಮೇಲೆ ಅವರ ಒಬ್ಬಳೇ ಮಗಳು ನಿನ್ನೆಯಿಂದ ಠಾಣೆಯಲ್ಲಿದ್ದಳು. ಮಧ್ಯಾಹ್ನ ಅವಳನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು.

ಕೊಲೆಗೆ ಚಾಕು ಚೂರಿ ಏನೂ ಬೇಕಾಗಿರಲಿಲ್ಲ. ಆ ಕೋಣೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಇತ್ತು. ಒಳಗೆ ಹೋಗುವವರು ಕೊರಳಿನ ಗುರುತಿನ ಚೀಟಿಯನ್ನು ಅದಕ್ಕೆ ನೇತುಹಾಕಿ ಹೋಗಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ಸಂಜೆ ಕಾವಲುಗಾರ ಬಂದು ಮೊಳೆ ನೋಡುತ್ತಾನೆ. ಅದು ಬರಿದಾಗಿದ್ದರೆ ಬೀಗ ಜಡಿದು ಹೋಗುತ್ತಾನೆ. ಬಾಗಿಲು ತೆರೆದಷ್ಟೂ ಬೀಜಕ್ಕೆ ಕೇಡು ಎಂದು ಅವನಿಗೆ ಹೇಳಿಕೊಟ್ಟಿದ್ದರು, ಆದ್ದರಿಂದ ಒಳಗೆ ಇಣುಕುವ ಪದ್ಧತಿ ಇರಲಿಲ್ಲ. ಗೋಡೆಯ ದಪ್ಪಕ್ಕೆ ಒಳಗೆ ಮೊಬೈಲ್ ಹಿಡಿಯುತ್ತಿರಲಿಲ್ಲ. ಒಳಗಿನ ಕರೆಗಂಟೆ ಹಿಮಗಟ್ಟಿ ಕೆಟ್ಟು ಎಷ್ಟೋ ಕಾಲವಾಗಿತ್ತು.

ಆ ಸಂಜೆ ಮೊಳೆ ಬರಿದಾಗಿತ್ತು. ಮೇಷ್ಟ್ರ ಚೀಟಿ ಆಮೇಲೆ ಸಿಕ್ಕಿದ್ದು ಮಗಳ ಬೂದು ಸ್ವೆಟರಿನ ಜೇಬಿನಲ್ಲಿ.

ಸಂಸ್ಥೆಯ ಡಿಎನ್‌ಎ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಆ ಹುಡುಗಿ ಠಾಣೆಗೆ ಬಂದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಒಂದೇ ಒಂದು ಪ್ರಶ್ನೆ ಕೇಳಿದ್ದಳು: "ಅಪ್ಪ ಬಾಗಿಲು ಬಡಿದಿರಬಹುದಾ ಮೇಡಂ?" ಮೇಷ್ಟ್ರ ಎರಡೂ ಮುಷ್ಟಿಗಳು ಜಜ್ಜಿಹೋಗಿದ್ದನ್ನು ಕಣ್ಣಾರೆ ಕಂಡಿದ್ದ ಇನ್ಸ್‌ಪೆಕ್ಟರ್ ಉತ್ತರ ಕೊಡಲಾರದೆ ಎದ್ದು ಬಂದಿದ್ದಳು. ಕೊಂದವರು ಆ ಪ್ರಶ್ನೆ ಕೇಳುವುದಿಲ್ಲ ಎಂದು ಅವಳ ಮನಸ್ಸು ಹೇಳುತ್ತಿತ್ತು. ಮನಸ್ಸಿನ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಹುಡುಗಿ ಉಳಿಯಬೇಕಾದರೆ ಮಧ್ಯಾಹ್ನದೊಳಗೆ ನಿಜವಾದ ಕೊಲೆಗಾರ ಸಿಗಬೇಕಿತ್ತು.

ಇನ್ಸ್‌ಪೆಕ್ಟರ್ ಬೆನ್ನ ಹಿಂದೆ ಠಾಣೆಯವರು ಅವಳನ್ನು ಇಕ್ಕಳ ಎನ್ನುತ್ತಿದ್ದರು, ಕಚ್ಚಿದರೆ ಬಿಡುವವಳಲ್ಲ ಎಂದು. ಅದು ಅವಳಿಗೂ ಗೊತ್ತಿತ್ತು.

"ಒಂದು ಎಲೆಯಿಂದ ಏನು ಸಾಬೀತಾಗುತ್ತೆ ಮೇಡಂ?" ಡಾಕ್ಟ್ರು ಚೇತರಿಸಿಕೊಂಡು ಕನ್ನಡಕ ಒರೆಸಿಕೊಂಡರು. "ಬೀಜ ಅಂದಮೇಲೆ ಕಲಬೆರಕೆ ಇದ್ದೇ ಇರುತ್ತೆ. ಹಿಂಡಿನಲ್ಲಿ ಒಂದು ಕುಂಟು ಕುರಿ."

"ಬನ್ನಿ, ಹಿಂಡನ್ನೇ ತೋರಿಸ್ತೀನಿ."

ಗಾಜಿನ ಮನೆಯ ಉದ್ದಕ್ಕೂ ಬೆಂಚುಗಳು, ಬೆಂಚುಗಳ ಮೇಲೆ ಕುಂಡಗಳು, ಕುಂಡಕ್ಕೊಂದು ಬಿಳಿ ಕಡ್ಡಿಯ ಗುರುತು. ಕೆಸರು, ಪಾಚಿ, ಬಿಸಿ ಗಾಜು, ಎಲ್ಲದರ ವಾಸನೆ ಒಂದರೊಳಗೊಂದು ಕಲೆತಿತ್ತು. ಮೂಲೆಯ ಫ್ಯಾನು ತೇವದ ಗಾಳಿಯನ್ನು ಅತ್ತಿಂದಿತ್ತ ತಳ್ಳುತ್ತಿತ್ತು. ಡಾಕ್ಟ್ರಿಗೆ ಕತ್ತರಿಯ ಹೆಸರು ಬಂದದ್ದು ಇಲ್ಲಿಯೇ. ರೋಗದ ದುಂಡಾಣುಗಳನ್ನು ಕಲಸಿದ ನೀರಿನಲ್ಲಿ ಕತ್ತರಿ ಅದ್ದಿ, ಪ್ರತಿ ಗಿಡದ ಎಲೆಯ ತುದಿಯನ್ನು ಕತ್ತರಿಸಿ ರೋಗ ಅಂಟಿಸುವುದು ಅವರ ಕೆಲಸ. ಒಂದು ಕಡೆ ಸಾಯುವುದೇ ಹಣೆಬರಹವಾದ ಹಳೇ ತಳಿಯ ಸಾಲು, ಪಕ್ಕದಲ್ಲಿ ಹೊಸ ತಳಿಯ ಸಾಲು. ಹಳೆಯದು ಸತ್ತು ಹೊಸದು ಉಳಿದರೆ ತಳಿ ಗೆದ್ದ ಹಾಗೆ. ಹೊಸ ತಳಿ ಎಲ್ಲ ಪರೀಕ್ಷೆಗಳಲ್ಲೂ ಗೆದ್ದಿತ್ತು. ಅದರ ಬೀಜದ ಚೀಲಗಳು ಈಗಾಗಲೇ ಲಾರಿಗೆ ಏರುತ್ತಿದ್ದವು.

ಕೊನೆಯ ಬೆಂಚಿನ ಹಿಂದೆ ನೀರಿನ ತೊಟ್ಟಿ. ತೊಟ್ಟಿಯ ಹಿಂದೆ ಗುರುತಿನ ಕಡ್ಡಿ ಇಲ್ಲದ ಅಗಲವಾದ ಕುಂಡ. ಡಾಕ್ಟ್ರು ಅದನ್ನು ಮೊದಲ ಸಲ ನೋಡುತ್ತಿದ್ದರು. ಅದು ಅವರು ನಿಂತ ರೀತಿಯಲ್ಲೇ ತಿಳಿಯಿತು.

ಕುಂಡದಲ್ಲಿದ್ದ ಗಿಡಗಳ ಎಲೆಗಳೆಲ್ಲ ತುದಿ ಮೊಂಡಾಗಿದ್ದವು. ಕೆಲವು ಹಸಿರಾಗಿ ನಿಂತಿದ್ದವು, ಗಾಯದ ಅಂಚಿನಲ್ಲಿ ಉಗುರಿನಷ್ಟು ಕಂದು, ಅಷ್ಟೇ. ಉಳಿದವು ಬುಡದವರೆಗೂ ಸುಟ್ಟಂತೆ ಒಣಗಿದ್ದವು.

"ಮುಟ್ಟಿ ನೋಡಿ ಸಾರ್. ಎಲ್ಲವೂ ರೇಷ್ಮೆ," ಎಂದಳು ಇನ್ಸ್‌ಪೆಕ್ಟರ್. "ಇಲ್ಲಿ ನೋಡಿ, ಈ ಗಿಡದಿಂದ ಒಂದು ಎಲೆ ಕಿತ್ತಿದ್ದಾರೆ. ಮೇಷ್ಟ್ರ ಜೇಬಿನ ಎಲೆಯ ಹರಿದ ಬುಡ ಈ ಗಾಯಕ್ಕೆ ಸರಿಯಾಗಿ ಕೂತುಕೊಳ್ತು. ನಿಮ್ಮ ಭಾವ ನಿಮಗೆ ಹೇಳದೆ ತಾವೇ ಕತ್ತರಿ ಹಿಡಿದಿದ್ದರು. ಒಂದೇ ಚೀಲದ ಬೀಜ, ಒಂದೇ ಕತ್ತರಿ. ಆದರೂ ಒಂದು ಸಾಯ್ತು, ಪಕ್ಕದ್ದು ಉಳೀತು. ನಿಮ್ಮ ಕೈಯಲ್ಲಿ ಮಾತ್ರ ಒಂದೂ ಸಾಯಲ್ಲ. ಅದೇನು ಕೈಗುಣ?"

ಡಾಕ್ಟ್ರು ಬಗ್ಗಿ ಸತ್ತ ಗಿಡದ ಬುಡ ನೋಡಿದರು.

"ನಾನು ವಿಜ್ಞಾನ ಓದಿದವಳಲ್ಲ. ಆದರೆ ಕಳ್ಳತನ ಓದಿದ್ದೀನಿ. ಎಲ್ಲವೂ ಸತ್ತಿದ್ದರೆ ತಳಿ ಸೋಲ್ತಿತ್ತು. ಎಲ್ಲವೂ ಉಳಿದಿದ್ದರೆ ದುಂಡಾಣುವೇ ಸತ್ತಿದೆ ಅಂತ ಜನ ಅಂತಿದ್ರು. ರೋಗದ ಸಾಲು ಮಾತ್ರ ಸಾಯಬೇಕು, ಹೊಸ ಸಾಲು ಪೂರ್ತಿ ಉಳೀಬೇಕು ಅಂದ್ರೆ ಎರಡು ಪಾತ್ರೆ ಬೇಕು. ಒಂದರಲ್ಲಿ ಜೀವ ಇರೋ ದುಂಡಾಣು. ಇನ್ನೊಂದರಲ್ಲಿ..."

"ಕುದಿಸಿದ್ದೆ," ಎಂದರು ಡಾಕ್ಟ್ರು.

ಬಾಗಿಲ ಬಳಿ ರೇಡಿಯೋ ಹಣೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದ.

"ಹೊಸ ಸಾಲಿಗೆ ಕುದಿಸಿದ ನೀರಲ್ಲಿ ಕತ್ತರಿ ಅದ್ದಿದೆ. ಹೌದು. ಇಷ್ಟು ವರ್ಷ ಈ ಕೆಲಸ ಮಾಡಿದೀನಿ, ಹಿಂದೆ ಯಾವತ್ತೂ ಹಾಗೆ ಮಾಡಿರಲಿಲ್ಲ." ಅವರು ಬೆಂಚಿನ ಅಂಚಿಗೆ ಕುಸಿದು ಕೂತರು. "ಯಾಕೆ ಅಂತ ಕೇಳಬೇಡಿ. ನನ್ನನ್ನ ಕರ್ಕೊಂಡು ಹೋಗಿ. ಮೋಸದ ಕೇಸು ಹಾಕಿ, ಏನು ಬೇಕಾದ್ರೂ ಹಾಕಿ."

"ಕೇಳೋದೇ ನನ್ನ ಕೆಲಸ ಸಾರ್. ಅಲ್ಲಿ ಠಾಣೆಯಲ್ಲಿ ನಿಮ್ಮ ಅಕ್ಕನ ಮಗಳು ಕೂತಿದ್ದಾಳೆ. ನೀವು ಎತ್ತಿ ಆಡಿಸಿದ ಮಗು. ಮಧ್ಯಾಹ್ನ ಅವಳನ್ನ ಜೈಲಿಗೆ ಕಳಿಸ್ತಾರೆ. ಮೇಷ್ಟ್ರು ನಿಮ್ಮ ಮೋಸ ಹಿಡಿದರು. ಬೀಜ ಹೊರಡೋದನ್ನ ತಡೀತೀನಿ ಅಂದ್ರು. ನೀವು ಮೊಳೆಯಿಂದ ಚೀಟಿ ತೆಗೆದ್ರಿ, ಹುಡುಗಿ ಸ್ವೆಟರಿಗೆ ತುರುಕಿದ್ರಿ. ಹೌದೋ ಅಲ್ಲವೋ?"

"ಅಲ್ಲ!" ಅವರ ಕೂಗಿಗೆ ಗಾಜು ನಡುಗಿತು. "ಪುಟ್ಟಿಯನ್ನ ಉಳಿಸೋಕೇ ನಾನು ಇದನ್ನೆಲ್ಲ ಮಾಡಿದ್ದು!"

ಮಾತು ಬಾಯಿಂದ ಜಾರಿತ್ತು. ಅವರು ಅಂಗೈಯಿಂದ ಬಾಯಿ ಒತ್ತಿಕೊಂಡರು. ಇನ್ಸ್‌ಪೆಕ್ಟರ್ ಒಂದು ಖಾಲಿ ಕುಂಡ ಬೋರಲು ಹಾಕಿ ಅವರೆದುರು ಕೂತಳು. ಇಕ್ಕಳ ಕಚ್ಚಿತ್ತು. ಆದರೆ ಕಚ್ಚಿದ್ದು ಏನನ್ನು ಎಂಬುದು ಅವಳಿಗಿನ್ನೂ ಹೊಳೆದಿರಲಿಲ್ಲ.

"ಹೇಳಿ. ನನಗೆ ಅರ್ಥ ಆಗೋ ಹಾಗೆ."

ಡಾಕ್ಟ್ರು ಒಣಗಿದ ಗಿಡವೊಂದನ್ನು ಬೆರಳಿನಿಂದ ಸವರುತ್ತ ಹೇಳಿದರು. "ಗಿಡದ ಒಳಗೆ ಈ ರೋಗಕ್ಕೆ ಒಂದು ಬಾಗಿಲು ಇರುತ್ತೆ ಮೇಡಂ. ದುಂಡಾಣು ಅದರ ಮೂಲಕವೇ ಕೆಲಸ ಮಾಡಿಕೊಳ್ಳೋದು. ಎಲ್ಲ ಜೀನುಗಳ ಹಾಗೆ ಈ ಬಾಗಿಲೂ ಜೋಡಿ. ಒಂದು ತಾಯಿ ಗಿಡದಿಂದ ಬಂದಿದ್ದು, ಒಂದು ತಂದೆ ಗಿಡದಿಂದ. ಕಾಡುಭತ್ತದಂಥ ಬೇರೊಂದು ನಾಟಿ ತಳಿಯಲ್ಲಿ ಈ ಬಾಗಿಲು ಹುಟ್ಟಿನಿಂದಲೇ ಮುಚ್ಚಿಕೊಂಡಿತ್ತು. ಭಾವ ಆ ಮುಚ್ಚಿದ ಬಾಗಿಲನ್ನ ನಮ್ಮ ಒಳ್ಳೇ ಇಳುವರಿ ತಳಿಗೆ ತಂದರು. ಕಳ್ಳರ ವಿಷಯ ನಿಮಗೆ ನಾನು ಹೇಳಬೇಕಾ? ಮನೆಗೆ ಎರಡು ಬಾಗಿಲಿದ್ದು, ಒಂದನ್ನ ಮಾತ್ರ ಮುಚ್ಚಿದ್ರೆ?"

"ಮುಚ್ಚಿದ್ದೂ ಒಂದೇ, ಮುಚ್ಚದಿದ್ದೂ ಒಂದೇ."

"ಅಷ್ಟೇ. ಎರಡೂ ಮುಚ್ಚಿರೋ ಗಿಡ ಮಾತ್ರ ಉಳಿಯುತ್ತೆ. ಒಂದು ಮುಚ್ಚಿ ಒಂದು ತೆರೆದಿದ್ರೆ ಸಾಯುತ್ತೆ. ನೋಡೋಕೆ ಎರಡೂ ಗಿಡ ಒಂದೇ ಥರ. ಅದಕ್ಕೇ ಡಿಎನ್‌ಎ ಪರೀಕ್ಷೆ ಮಾಡಿ ಗಿಡ ಆರಿಸಬೇಕು." ಸವರುತ್ತಿದ್ದ ಬೆರಳನ್ನು ಅವರು ಹಿಂದಕ್ಕೆ ತೆಗೆದುಕೊಂಡರು. "ಆರಿಸಿದ್ದು ಪುಟ್ಟಿ."

ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿದಳು.

"ಎರಡು ಥರದ ಪರೀಕ್ಷೆ ಇದೆ. ಒಂದು ಪರೀಕ್ಷೆ, ಮುಚ್ಚಿದ ಬಾಗಿಲು ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತೆ. ಇನ್ನೊಂದು, ಒಂದಿದೆಯೋ ಎರಡಿದೆಯೋ ಅಂತಲೂ ಹೇಳುತ್ತೆ. ಬೇರೆ ಎಷ್ಟೋ ರೋಗಗಳಿಗೆ ಮೊದಲನೇ ಪರೀಕ್ಷೆಯೇ ಸಾಕು, ಅಲ್ಲಿ ಒಂದೇ ಪ್ರತಿ ಇದ್ರೂ ಕೆಲಸ ಮಾಡುತ್ತೆ. ಅವಳಿಗೆ ಅದೇ ಅಭ್ಯಾಸ ಆಗಿತ್ತು. ಇದಕ್ಕೂ ಅದನ್ನೇ ಮಾಡಿದಳು. 'ಇದೆ' ಅಂತ ಬಂದ ಗಿಡವನ್ನೆಲ್ಲ ಆರಿಸಿಬಿಟ್ಟಳು. ಒಂದಿರೋದು, ಎರಡಿರೋದು, ಎಲ್ಲ ಒಟ್ಟಿಗೆ ಸೇರಿಹೋಯ್ತು. ಅದನ್ನೇ ಬೆಳೆಸಿದ್ವಿ, ಅದನ್ನೇ ಬೀಜ ಮಾಡಿದ್ವಿ."

"ಅಂದರೆ ಆ ಚೀಲಗಳಲ್ಲಿ..."

"ಯಾವ ಕಾಳು ಸಾಯುತ್ತೆ, ಯಾವುದು ಉಳಿಯುತ್ತೆ ಅಂತ ದೇವರೇ ಹೇಳಬೇಕು. ಮೊದಲ ಸಲ ಸಾಚಾ ಕತ್ತರಿ ಹಾಕಿದಾಗ ಅರ್ಧ ಸಾಲು ನನ್ನ ಕಣ್ಣೆದುರೇ ಮಲಗಿತು. ಕಾರಣ ಹುಡುಕಿದೆ. ಕಾರಣ ನನ್ನ ಅಕ್ಕನ ಮಗಳು. ದೊಡ್ಡವರ ಮಗಳು ಅಂತ ಕೆಲಸ ಸಿಕ್ತು ಅಂತ ಮೊದಲೇ ಆಡಿಕೊಳ್ಳೋ ಜನ ಇಲ್ಲಿ. ಇದು ಗೊತ್ತಾದ್ರೆ ಅವಳು ಮತ್ತೆ ತಲೆ ಎತ್ತೋ ಹಾಗೇ ಇರಲ್ಲ. ಗುಟ್ಟಾಗಿ ಸರಿ ಮಾಡೋಣ, ಮುಂದಿನ ಬೆಳೆಗೆ ಬೀಜ ಬದಲಾಯಿಸೋಣ ಅಂದುಕೊಂಡು ಆಮೇಲಿನ ಸಲ ಕುದಿಸಿದೆ. ಕುದಿಸಿದ ಮೇಲೆ ಲಾರಿ ತಡೆಯೋ ಧೈರ್ಯ ಬರಲಿಲ್ಲ."

ಇನ್ಸ್‌ಪೆಕ್ಟರ್ ಎದ್ದು ಗಾಜಿನ ಗೋಡೆಯ ಕಡೆ ತಿರುಗಿದಳು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹುಡುಗಿಗೆ ತಂದೆಯನ್ನು ಕೊಲ್ಲಲು ಕಾರಣವೇ ಇಲ್ಲ ಎನ್ನುವುದೊಂದೇ ಅವಳ ಕೈಯಲ್ಲಿದ್ದ ದೊಡ್ಡ ಆಧಾರವಾಗಿತ್ತು. ಅದನ್ನೀಗ ತಾನೇ ಕೈಯಾರೆ ಮುರಿದಿದ್ದಳು. ತಂದೆ ಬೀಜ ತಡೆದರೆ ಮಗಳ ತಪ್ಪು ಬಯಲಾಗುತ್ತಿತ್ತು. ಸರ್ಕಾರಿ ವಕೀಲರು ಇದನ್ನು ಕೇಳಿದರೆ ಕೈ ಉಜ್ಜಿಕೊಳ್ಳುತ್ತಾರೆ.

"ಈ ತಪ್ಪು ಅವಳಿಗೆ ಗೊತ್ತಿತ್ತಾ?"

"ಇಲ್ಲ ಮೇಡಂ. ಭಾವನ ಆಣೆ. ಭಾವ ಕುಂಡ ನೋಡಿ ನನ್ನ ಹತ್ತಿರ ಬಂದರು. ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಗಿದ್ದು. 'ಮೊದಲು ನಿರ್ದೇಶಕರಿಗೆ ಹೇಳಿ ಲಾರಿ ತಡೆಯೋಣ. ಮಗಳಿಗೆ ಮನೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಹೇಳ್ತೀನಿ. ಅಲ್ಲಿವರೆಗೂ ನೀನು ಉಸಿರೆತ್ತಬೇಡ' ಅಂದ್ರು. ಅವತ್ತೇ ಸಂಜೆ ಹೋಗಿಬಿಟ್ರು. ಅವಳಿಗೆ ಈ ಗಳಿಗೆವರೆಗೂ ಗೊತ್ತಿಲ್ಲ."

ಇನ್ಸ್‌ಪೆಕ್ಟರ್ ಉಸಿರು ಬಿಟ್ಟಳು. ಗೊತ್ತಿಲ್ಲದ ತಪ್ಪಿಗಾಗಿ ಯಾರೂ ಕೊಲೆ ಮಾಡುವುದಿಲ್ಲ. ಹುಡುಗಿಗೆ ಗೊತ್ತಿರಲಿಲ್ಲ ಎನ್ನುವುದು ನಿಂತರೆ ಹುಡುಗಿಯೂ ಉಳಿಯುತ್ತಾಳೆ.

"ನೀವು ಉಸಿರೆತ್ತಲಿಲ್ಲವಾ?"

ಡಾಕ್ಟ್ರು ಮುಖ ಪಕ್ಕಕ್ಕೆ ತಿರುಗಿಸಿದರು.

"ಸಾರ್, ಯಾರಿಗೆ ಹೇಳಿದ್ರಿ?"

"...ಅಕ್ಕನಿಗೆ."

"ಮೇಷ್ಟ್ರ ಹೆಂಡತಿಗೆ?"

"ಭಾವ ನನ್ನ ಮಾತು ಕೇಳಲ್ಲ, ಹೆಂಡತಿ ಮಾತಾದ್ರೂ ಕೇಳ್ತಾರೆ ಅಂದುಕೊಂಡೆ. ಎಲ್ಲ ಹೇಳಿದೆ. ನಿಮಗೆ ಹೇಳಿದ ಹಾಗೇ, ಒಂದೋ ಎರಡೋ ಅಂತ ನೋಡದೆ ಹುಡುಗಿ ಎಡವಿದ್ದಾಳೆ ಅಂತ. ಅಕ್ಕ ಅಳಲಿಲ್ಲ, ಏನೂ ಇಲ್ಲ. 'ನನ್ನನ್ನ ಅವರ ಹತ್ತಿರ ಕರ್ಕೊಂಡು ಹೋಗು' ಅಂದಳು. ಹೊಲದ ಕಡೆಯ ಗೇಟಿಂದ ನನ್ನ ಕಾರಲ್ಲೇ ಕರ್ಕೊಂಡು ಬಂದೆ."

"ಅವತ್ತು ಸಂಜೆ?"

"ಹೂಂ."

"ಇಷ್ಟು ದಿನ ಇದನ್ನ ಯಾಕೆ ಹೇಳಲಿಲ್ಲ?"

"ಅಕ್ಕ ಮೇಡಂ! ಅಮ್ಮ ಹೋದ ಮೇಲೆ ನನಗೆ ತುತ್ತು ಕೊಟ್ಟು ಬೆಳೆಸಿದವಳು." ಅವರು ಈಗ ಯಾರನ್ನೂ ನೋಡದೆ ಮಾತಾಡುತ್ತಿದ್ದರು. "ಮಳೆ ಹನೀತಿತ್ತು. ಪ್ರಯೋಗಾಲಯದಲ್ಲಿ ಪುಟ್ಟಿ ಕುರ್ಚಿ ಮೇಲೆ ಅವಳ ಸ್ವೆಟರ್ ಇತ್ತು, ಅಕ್ಕ ಅದನ್ನ ಹೊದ್ದುಕೊಂಡು ಶೀತಲ ಕೋಣೆ ಕಡೆ ಒಬ್ಬಳೇ ಹೋದಳು. ನಾನು ಕಾರಿನ ಹತ್ತಿರ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ವಾಪಸು ಬಂದಳು. 'ಅವರು ಅಲ್ಲಿಲ್ಲ ಕಣೋ, ಮನೆಗೆ ಹೋಗಿರಬೇಕು, ನಡಿ' ಅಂದಳು."

"ಸ್ವೆಟರ್?"

"ತೆಗೆದು ಕುರ್ಚಿಗೆ ಹಾಕಿ ಬಂದಿದ್ದಳು."

"ಮೊಳೆಯ ಪದ್ಧತಿ ಅವರಿಗೆ ಗೊತ್ತಾ?"

ಡಾಕ್ಟ್ರು ತಲೆ ಎತ್ತಿದರು. "ಭಾವ ಎಲ್ಲೆಂದರಲ್ಲಿ ಚೀಟಿ ಮರೆತು ಬರೋರು. ಎಲ್ಲಿ ಕಂಡ್ರೂ ಅಕ್ಕ ಎತ್ತಿ ಇಟ್ಟುಕೊಳ್ಳೋಳು, ಮನೆಯಲ್ಲಿ ದಿನಾ ಅದೇ ಗೋಳು. ಅವತ್ತೂ ಹಾಗೇ ತೆಗೆದಿರಬೇಕು. ಪಾಪ, ಗೊತ್ತಿಲ್ಲದೆ... ಗೊತ್ತಿಲ್ಲದೆಯೇ ಇರಬೇಕಲ್ಲ ಮೇಡಂ? ಇನ್ನೇನಿರೋಕೆ ಸಾಧ್ಯ?"

ಅದು ಪ್ರಶ್ನೆಯಾಗಿರಲಿಲ್ಲ, ಬೇಡಿಕೆಯಾಗಿತ್ತು. ಇನ್ಸ್‌ಪೆಕ್ಟರ್ ಅದಕ್ಕೆ ಕಿವಿಗೊಡಲಿಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ, ಅದು ಆಮೇಲಿನ ಮಾತು. ಸ್ವೆಟರಿನೊಳಗೆ ಇದ್ದದ್ದು ಹುಡುಗಿಯಲ್ಲ. ಕಣ್ಣಾರೆ ಕಂಡ ಸಾಕ್ಷಿ ಎದುರಿಗೆ ಕೂತಿದೆ. ಕೋರ್ಟಿಗೆ ಇನ್ನೂ ಹೊತ್ತಿದೆ.

"ಏಳಿ ಸಾರ್. ಇದನ್ನೇ ಠಾಣೆಯಲ್ಲಿ ಹೇಳಿ, ಸಹಿ ಹಾಕಿ. ನಿಮ್ಮ ಪುಟ್ಟಿ ಸಂಜೆ ಮನೆಯಲ್ಲಿರ್ತಾಳೆ. ರೇಡಿಯೋ, ಜೀಪು ತೆಗಿ."

ರೇಡಿಯೋ ಕದಲಲಿಲ್ಲ. ಅವನ ಕಿವಿಯಲ್ಲಿ ಫೋನು ಇತ್ತು. ಅವನ ಬಾಯಿ ತೆರೆದಿತ್ತು, ಅದರಿಂದ ಮಾತು ಬರುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಅವನನ್ನು ಹಾಗೆ ಹಿಂದೆಂದೂ ಕಂಡಿರಲಿಲ್ಲ.

"ಏನಯ್ಯಾ?"

ಅವನು ಫೋನನ್ನು ಅವಳತ್ತ ಚಾಚಿದ. ಆ ಕಡೆ ಠಾಣೆಯ ಮಹಿಳಾ ಪೇದೆಯ ಧ್ವನಿ. ಗೆದ್ದವರ ಉತ್ಸಾಹ ಅದರಲ್ಲಿತ್ತು.

"ಮೇಡಂ, ಹುಡುಗಿ ಬಾಯಿ ಬಿಟ್ಟಳು! ಚೀಟಿ ತೆಗೆದಿದ್ದು ನಾನೇ, ಬೇಕಂತಲೇ ತೆಗೆದೆ ಅಂತ ಬರೆದುಕೊಟ್ಟಿದ್ದಾಳೆ. ಸಹಿ ಕೂಡ ಆಯ್ತು. ದೊಡ್ಡ ಸಾಹೇಬರು ಓದಿ ಶಭಾಷ್ ಅಂದ್ರು."

"ಯಾರು ಹೊಡೆದ್ರು ಅವಳನ್ನ?"

"ಅಯ್ಯೋ, ಯಾರೂ ಮುಟ್ಟಿಲ್ಲ ಮೇಡಂ. ತಾನಾಗೇ ಹೇಳಿದಳು."

"ಬೆಳಿಗ್ಗೆಯಿಂದ ಯಾರು ಬಂದಿದ್ರು ಅವಳನ್ನ ನೋಡೋಕೆ?"

"ಯಾರೂ ಇಲ್ಲ. ಅವರಮ್ಮ ಬಂದಿದ್ರು, ಅಷ್ಟೇ. ಪಾಪ, ಹೆತ್ತ ಕರುಳು, ಬೇಡ ಅನ್ನೋಕಾಗುತ್ತಾ?"

ಇನ್ಸ್‌ಪೆಕ್ಟರ್ ಹಿಂತಿರುಗಿ ನೋಡಿದಳು. ಡಾಕ್ಟ್ರು ಎದ್ದು ನಿಂತಿದ್ದರು. ಕೈಯಲ್ಲಿದ್ದ ಎರಡೂ ಎಲೆಗಳು ನೆಲಕ್ಕೆ ಬಿದ್ದಿದ್ದವು.

"ಏನು ಮಾತಾಡಿದ್ರು ಅಮ್ಮ? ಒಂದೊಂದು ಮಾತೂ ಬೇಕು ನನಗೆ."

"ಮಾತೇ ಇಲ್ಲ ಮೇಡಂ. ಪಕ್ಕದಲ್ಲಿ ಕೂತು ಬಹಳ ಹೊತ್ತು ಮಗಳ ತಲೆ ಸವರಿದ್ರು. ಏಳುವಾಗ ಒಂದೇ ಒಂದು ಮಾತು. 'ಒಂದೋ ಎರಡೋ ಅಂತ ನೋಡಿಕೊಳ್ಳಬೇಕಿತ್ತು ಕಣೇ ಪುಟ್ಟಿ. ಅಪ್ಪ ಹೋಗಿದ್ದು ಅದಕ್ಕೇ' ಅಂತ. ಏನು ಲೆಕ್ಕವೋ ಏನೋ, ನಮಗೆ ತಲೆಬುಡ ಅರ್ಥ ಆಗಲಿಲ್ಲ. ಆದರೆ ಅವರು ಬಾಗಿಲು ದಾಟಿದ ತಕ್ಷಣ ಹುಡುಗಿ ಪೆನ್ನು ಕೇಳಿದಳು."